ಮೇನ್ ಆಫ್ ಮಾಡಿದ ಅರ್ಜಿದಾರ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಪ್ಪ, ಮಗಳು ನಿಂತಿದ್ದರು. ಅಪ್ಪನ ಜೇಬಿನಲ್ಲಿ ಟೆಸ್ಟರ್, ಮಗಳ ಕೈಯಲ್ಲಿ ಮೊಬೈಲು.

“ಇನ್ನೊಂದ್ಸಲ ನೋಡಮ್ಮಾ. ಲೈಸೆನ್ಸ್ ನಿಜವಾಗ್ಲೂ ಬಂತಾ?”

“ಬಂತಪ್ಪಾ. ಎಲೆಕ್ಟ್ರಿಷಿಯನ್ ಅಂತ ನಿನ್ನ ಹೆಸರು, ಫೋಟೋ ಎಲ್ಲಾ ಇದೆ.”

“ಸದ್ಯ! ಇಪ್ಪತ್ತು ವರ್ಷ ಬೇರೆಯವರ ಲೈಸೆನ್ಸ್ ಮೇಲೆ ದುಡಿದೆ. ಅವತ್ತು ಅರ್ಜಿ ಮಧ್ಯದಲ್ಲೇ ಕರೆಂಟ್ ಹೋದಾಗ ಜೀವ ಬಾಯಿಗೆ ಬಂದಿತ್ತು.”

“ಹೋಗಿದ್ದಲ್ಲ, ನೀನೇ ತೆಗೆದಿದ್ದು! ನಾನು ಕಂಪ್ಯೂಟರಲ್ಲಿ ನಿನ್ನ ಅರ್ಜಿ ತುಂಬ್ತಾ ಇದ್ರೆ, ನೀನು ಮನೆ ಮೇನ್ ಸ್ವಿಚ್ಚೇ ಆಫ್ ಮಾಡ್ಬಿಟ್ಟೆ.”

“ಅಡುಗೆಮನೆ ಬಲ್ಬ್ ಹೋಲ್ಡರ್ ಸರಿ ಮಾಡ್ಬೇಕಿತ್ತಲ್ಲ. ಮೇನ್ ತೆಗೀದೆ ನಾನು ಯಾವತ್ತೂ ವೈರ್ ಮುಟ್ಟಿಲ್ಲ.”

“ಪುಣ್ಯಕ್ಕೆ ತುಂಬಿದ್ದೆಲ್ಲ ಸೇವ್ ಆಗಿತ್ತು. ಕೊನೇ ಪ್ರಶ್ನೆ ಒಂದೇ ಉಳಿದಿತ್ತು.”

“ಏನು ಕೇಳಿದ್ರು?”

“ಕೆಲಸ ಶುರು ಮಾಡೋಕೆ ಮುಂಚೆ ಏನು ಮಾಡ್ತೀರಿ, ಅಂತ.”

“ನೀನೇನು ಬರೆದೆ?”

“ನಿನ್ನ ಕೇಳೋ ಅಗತ್ಯಾನೇ ಬರ್ಲಿಲ್ಲ.”

ಅಪ್ಪ ಜೋರಾಗಿ ನಕ್ಕರು. ಪ್ರಿಂಟ್ ಕೈಗೆ ಬಂತು. ಅದನ್ನು ಎದೆಗೊತ್ತಿಕೊಂಡು ಹೊರಟವರು ಅಂಗಡಿಯ ಗೋಡೆಯಲ್ಲಿ ಸಡಿಲವಾಗಿದ್ದ ಪ್ಲಗ್ ಕಂಡು ನಿಂತರು.

“ಇಲ್ಲಿ ಮೇನ್ ಎಲ್ಲಿದೆ?”

“ಅಪ್ಪಾ! ಹಿಂದೆ ಇರೋರ ಪ್ರಿಂಟಾದ್ರೂ ಆಗ್ಲಿ, ನಡಿ!”

ಮಗಳು ಅವರ ಕೈ ಹಿಡಿದು ಎಳೆದುಕೊಂಡು ಹೋದಳು.