ಬಚ್ಚಲ ಗೋಡೆಯ ಅಪರೂಪದ ಶಿಲೆ

ಶಾಲಾ ಮೇಷ್ಟ್ರುಗಳಿಗೆ ಕಲ್ಲು ಗುರುತಿಸುವುದನ್ನು ಕಲಿಸುವ ಬೇಸಿಗೆ ಶಿಬಿರದ ಕೊನೆಯ ದಿನ, ಅವರಿದ್ದ ಹಾಸ್ಟೆಲಿಗೆ ನಲ್ಲಿ ರಿಪೇರಿಗೆಂದು ಹೋಗಿದ್ದೆ. ವ್ಯಾನು ಹತ್ತುವ ಸಾಲಿನಲ್ಲಿ ಒಬ್ಬ ಮೇಷ್ಟ್ರು, ಅವರ ಹಿಂದೆಯೇ ಟೀಚರಾಗಿರುವ ನಾದಿನಿ.

“ಭಾವ, ಶಿಬಿರದ ಪ್ರೊಫೆಸರಿಗೆ ತೋರಿಸಿದ್ರಲ್ಲ, ಆ ಕಲ್ಲು ನಿಜವಾಗ್ಲೂ ಎಲ್ಲಿಂದ ತಂದ್ರಿ?”

“ಮೆಲ್ಲಗೆ ಮಾತಾಡೇ. ಇಲ್ಲೇ ಹಾಸ್ಟೆಲ್ ಬಚ್ಚಲ ಹಿಂದೆ ಗೋಡೆ ಬಿದ್ದಿತ್ತಲ್ಲ, ಅದರ ಚೂರು.”

“ಕಾಂಕ್ರೀಟು! ವಿಜ್ಞಾನ ಹೇಳ್ಕೊಡೋ ಮುಖ ನೋಡು.”

“ಪ್ರೊಫೆಸರೇ ಭೂತಗನ್ನಡಿ ಹಿಡಿದು ನೋಡಿ, ಹೊಳೆಕಲ್ಲುಗಳು ಅಂಟ್ಕೊಂಡು ಆದ ಅಪರೂಪದ ಶಿಲೆ ಅಂದ್ರು. ಸರಳಿನ ತುಕ್ಕು ನೋಡಿ ಕಬ್ಬಿಣದ ಅದಿರೂ ಇದೆ ಅಂದ್ರು.”

“ನೀವು ಹೂಂಗುಟ್ಟಿದ್ರಿ. ಒಳ್ಳೇ ಜೋಡಿ!”

“ಕೋಟಿ ವರ್ಷ ಹಳೇದು ಅಂತ ಅಷ್ಟು ಖುಷಿಯಾಗಿ ಹೇಳ್ತಿದ್ರೆ ಅಲ್ಲ ಅನ್ನೋಕಾಗುತ್ತಾ?”

“ಈಗ ಆ ಜಾಗ ನೋಡೋಕೆ ಇಡೀ ವ್ಯಾನು ಹೊರಟಿದೆ. ಏನ್ ತೋರಿಸ್ತೀರಾ?”

“ಅದಕ್ಕೇ ನಿನ್ನ ಕೇಳ್ತಿರೋದು. ಅವರು ಶಿಬಿರದ ಸರ್ಟಿಫಿಕೇಟ್ ಕೊಡದಿದ್ರೆ ಹೆಡ್‌ಮಾಸ್ಟರ್ ಪೋಸ್ಟು ಹೋಯ್ತು. ಆರು ದಿನ ಗುಡ್ಡ ಹತ್ತಿದೀಯ, ಅಂಥದ್ದೊಂದು ಜಾಗ ಹೇಳೇ ತಾಯಿ.”

“ನಾನು ಮಂಡಿ ಸವೆಸಿದ್ದು ನಿಮಗೋಸ್ಕರಾನಾ? ಆರು ದಿನ ಗೊರಕೆ ಹೊಡೆದ್ರಲ್ಲ, ಆ ಮಂಚ ತೋರಿಸಿ.”

“ಅಕ್ಕನ ಮುಖ ನೋಡಿಯಾದ್ರೂ…”

“ಅಕ್ಕನೂ ನಿಮ್ಮನ್ನ ಅಪರೂಪದ ಮನುಷ್ಯ ಅಂತಾನೇ ಕಟ್ಕೊಂಡಿದ್ದು.”

ಅಷ್ಟರಲ್ಲಿ ಪ್ರೊಫೆಸರ್ ಕೂಗಿದರು.

“ಮೇಷ್ಟ್ರೇ, ಮುಂದೆ ಕೂತ್ಕೊಳ್ಳಿ. ನೀವೇ ದಾರಿ ಹೇಳ್ಬೇಕು!”

ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತರು. ಗೇಟಿನಲ್ಲಿ ಡ್ರೈವರು ಎಡಕ್ಕೋ ಬಲಕ್ಕೋ ಎಂದು ಕೇಳಿದ. ಮೇಷ್ಟ್ರು ಹಿಂದಕ್ಕೆ ತಿರುಗಿದರು.

“ಹೇಳಿ ಭಾವ, ಎಲ್ಲರೂ ಕಾಯ್ತಿದಾರೆ,” ಎಂದರು ನಾದಿನಿ, ವ್ಯಾನಿಗೆಲ್ಲ ಕೇಳುವಂತೆ.

“ಎಡಕ್ಕೆ.”

ವ್ಯಾನು ಎಡಕ್ಕೆ ಹೋಯಿತು. ಆ ಕಡೆ ಮೂವತ್ತು ಕಿಲೋಮೀಟರ್ ಒಂದು ದಿಬ್ಬವೂ ಇಲ್ಲ.