ಪ್ರೇಮಪತ್ರದಲ್ಲಿ ರಾಜಕೀಯ ಇರಲಿಲ್ಲ

ಈ ಸಭೆಯ ಅಧ್ಯಕ್ಷರೂ, ಶಹಾಪುರದಲ್ಲಿ ಮಗ್ಗದ ಲೆಕ್ಕವನ್ನು ಮೊಟ್ಟಮೊದಲು ಕಂಪ್ಯೂಟರಿಗೆ ಏರಿಸಿದವರೂ ಆದ ಶ್ರೀ ಬಸಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ಕೆಳಗೆ ಮೊದಲ ಸಾಲಿನಲ್ಲಿ ಮುಖ ಊದಿಸಿಕೊಂಡು ಕುಳಿತಿರುವ ಗಣ್ಯರೇ, ಖಾನಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಸದಸ್ಯರೇ, ಊಟ ಇದೆ ಎಂದು ತಿಳಿದು ಬಂದಿರುವ ಸದಸ್ಯರ ಮನೆಯವರೇ ಮತ್ತು ಪ್ರಿಯ ಸಭಿಕರೇ,

ನನಗೆ ಶಾಲು ಹೊದಿಸಿದಿರಿ. ಹಾರ ಹಾಕಿದಿರಿ. ಕೈಗೊಂದು ತೆಂಗಿನಕಾಯಿ ಕೊಟ್ಟಿರಿ. 'ಬಳಗದ ಮೊದಲ ವಾರ್ಷಿಕೋತ್ಸವ ಹಾಗೂ ನಿಯಂತ್ರಕರಾದ ಶ್ರೀ ದುಂಡಪ್ಪನವರಿಗೆ ಸತ್ಕಾರ' ಎಂದು ಕರೆಯೋಲೆಯಲ್ಲಿ ಅಚ್ಚು ಹಾಕಿಸಿದಿರಿ. ಸತ್ಕಾರವನ್ನು ಯಾರಿಗೆ ಮಾಡುತ್ತಾರೆ? ನಿವೃತ್ತರಾಗುವವರಿಗೆ, ವರ್ಗವಾಗಿ ಹೋಗುವವರಿಗೆ. ನಾನು ನಿವೃತ್ತನಾಗುತ್ತಿದ್ದೇನೆಯೇ? ಇಲ್ಲ. ನನಗೆ ವರ್ಗವಾಗಿದೆಯೇ? ಅದೂ ಇಲ್ಲ. ಹಾಗಾದರೆ ಈ ಶಾಲು ಏಕೆ? ನನ್ನ ಮಾತು ಮುಗಿದ ಕೂಡಲೇ ಖಾನಾಪುರದ ರೂಪಾಲಿಯವರು ಎದ್ದು ನಿಂತು, ದುಂಡಪ್ಪನವರನ್ನು ನಿಯಂತ್ರಕ ಸ್ಥಾನದಿಂದ ಇಳಿಸಬೇಕೆಂದು ಠರಾವು ಓದಲಿದ್ದಾರೆ. ಇದು ನನಗೆ ಗೊತ್ತಿಲ್ಲವೆಂದು ನೀವು ತಿಳಿದಿದ್ದರೆ, ಬಳಗದ ಪ್ರತಿಯೊಂದು ಸಂದೇಶವನ್ನೂ ಮೊದಲು ಓದುವವನು ನಾನೇ ಎಂಬುದನ್ನು ಮರೆತಿದ್ದೀರಿ. ಠರಾವಿನ ಬಗ್ಗೆ ನೀವು ಬರೆದುಕೊಂಡದ್ದನ್ನೆಲ್ಲ ನಾನೇ ಓದಿ, ನಾನೇ ಮುಂದೆ ಕಳಿಸಿದ್ದೇನೆ. ಒಂದೆರಡು ಕಡೆ ವಾಕ್ಯ ಕೂಡ ತಿದ್ದಿದ್ದೇನೆ.

ಇಳಿಯುತ್ತೇನೆಂದು ನಾನಿನ್ನೂ ಒಪ್ಪಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮನೆಯವರ ತಿಳಿವಳಿಕೆಗಾಗಿ ನಮ್ಮ ಬಳಗವೆಂದರೆ ಏನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಬೆಳಗಾವಿ–ಖಾನಾಪುರ ಗಣಕ ನೆರವು ಬಳಗಕ್ಕೆ ಕಟ್ಟಡವಿಲ್ಲ, ಬೋರ್ಡಿಲ್ಲ. ಇರುವುದು ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ. ಕಾಕತಿಯ ಫೋಟೋ ಸ್ಟುಡಿಯೋದವರ ಕಂಪ್ಯೂಟರ್ ಕೆಟ್ಟಿತೆನ್ನಿ. ಅವರು ಸೈಬರ್ ಕೆಫೆಗೆ ಹೋಗಿ ಆ ವಿಳಾಸಕ್ಕೆ ಒಂದು ಇ–ಮೇಲ್ ಬರೆಯುತ್ತಾರೆ. ಅದು ಮೊದಲು ನನ್ನ ಹತ್ತಿರ ಬರುತ್ತದೆ. ನಾನು ನೋಡಿ ಬಿಟ್ಟರೆ ಎಲ್ಲ ಸದಸ್ಯರಿಗೂ ಹೋಗುತ್ತದೆ. ಮದ್ದು ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಎಷ್ಟು ಚೆಂದದ ವ್ಯವಸ್ಥೆ! ಅದಕ್ಕೆ ನಾನು ಒಂದೇ ಒಂದು ನಿಯಮ ಬರೆದೆ: ಇಲ್ಲಿ ರಾಜಕೀಯ ಬೇಡ.

ಒಂದು ನಿಯಮ ಸಾಲದೆ ಹೋದದ್ದು ನನ್ನ ತಪ್ಪೇ? ರಿಪೇರಿಗೆ ಹೋಗುವವರಿಗೆ ಅನುಕೂಲವಾಗಲೆಂದು, ಸಂದೇಶದ ಕೊನೆಯಲ್ಲಿ ಹೆಸರು, ಊರು, ರಾಜ್ಯ ಬರೆಯಿರಿ ಎಂದೆ. ಬೇರೆ ಯಾವ ಜಿಲ್ಲೆಯಲ್ಲಾದರೂ ಇದು ಸಾದಾ ಮಾತು. ನಮ್ಮಲ್ಲಿ ಏನಾಯಿತು? ಒಬ್ಬರು ಖಾನಾಪುರ ಎಂದು ಬರೆದು ಮುಂದೆ ಮಹಾರಾಷ್ಟ್ರ ಎಂದು ಬರೆದರು. ಅದನ್ನು ಕಂಡವರೊಬ್ಬರು ಕರ್ನಾಟಕ, ಕರ್ನಾಟಕ, ಕರ್ನಾಟಕ ಎಂದು ಪುಟ ತುಂಬ ಬರೆದರು. ಅವರ ಪ್ರಿಂಟರಿಗೆ ಏನಾಗಿತ್ತು ಎಂಬುದು ಇವತ್ತಿಗೂ ನಮಗೆ ತಿಳಿದಿಲ್ಲ. ಸರಿ, ರಾಜ್ಯ ಬೇಡ ಎಂದೆ. ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದು ಜಗಳ ತೆಗೆದರು. ಊರೂ ಬೇಡ ಎಂದೆ. ಆಮೇಲೆ 'ಮಾನಿಟರಿನಿಂದ ಹೊಗಿ ಬರಾಕತ್ತೈತಿ, ಲಗೂನ ಬರ್ರಿ' ಎಂದು ಸಂದೇಶ ಬಂತು. ಎಲ್ಲಿಗೆ ಹೋಗಬೇಕು? ಯಾರಿಗೂ ಗೊತ್ತಾಗಲಿಲ್ಲ. ಅವರು ಆಮೇಲೆ ಬರೆಯಲೂ ಇಲ್ಲ.

ಹಿಂಡಲಗಾದ ಜೈಲಿನಲ್ಲಿ ಕೂಡ ಇಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ ಎಂದು ಒಬ್ಬ ಸದಸ್ಯರು ಬರೆದರು. ಅದನ್ನು ವಾಪಸು ಕಳಿಸಿದೆ. ಜೈಲು ಸರಕಾರದ್ದು, ಸರಕಾರವೆಂದರೆ ರಾಜಕೀಯ.

ನಮ್ಮ ಮನೆಯವರಾದ ಗಂಗಾದೇವಿ ಮೂರನೆಯ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ. ಅವರದು ಬೇರೆಯೇ ದೂರು. "ಊಟಕ್ಕ ಕುಂತರ ದಿಲ್ಲಿಯಿಂದ ಹಿಡದ ಗ್ರಾಮ ಪಂಚಾಯ್ತಿ ತನಕಾ ಎಲ್ಲಾರನೂ ಬೈತೀರಿ, ಸಾರು ಆರಿ ಹೋಗತೈತಿ. ಅಲ್ಲಿ ಮಂದಿ ಒಂದ ಮಾತ ಆಡಿದ್ರ ನಿಮಗ್ಯಾಕ ಸಿಟ್ಟು?" ಎನ್ನುತ್ತಾರೆ. ಹೌದು, ಮನೆಯಲ್ಲಿ ಬೈಯುತ್ತೇನೆ. ಮನೆಯಲ್ಲಿ ನಾನು ನಿಯಂತ್ರಕನಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಆದರೆ ರಾಜಕೀಯ ಏನು ಮಾಡುತ್ತದೆ ಎಂಬುದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಸೇರುವ ಮೊದಲು ಇದೇ ಶಹಾಪುರದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ನನ್ನದೊಬ್ಬನದೇ ಅಲ್ಲ. ಖಾನಾಪುರದ ಬಾಳಾಸಾಹೇಬ ಎಂಬುವನು ನನ್ನ ಪಾಲುದಾರ. ಪಾಲುದಾರ ಎಂಬ ಮಾತು ಸಾಲದು, ಅವನಿಲ್ಲದೆ ನಾನು ಚಹಾ ಕುಡಿಯುತ್ತಿರಲಿಲ್ಲ. ಅವನ ಮನೆಯ ಮಾತು ಮರಾಠಿ, ನನ್ನ ಮನೆಯ ಮಾತು ಕನ್ನಡ, ಅಂಗಡಿಯಲ್ಲಿ ಎರಡೂ ಕೂಡಿ ಏನಾಗುತ್ತದೆಯೋ ಅದು. ನಾನು ಅವನಿಗೆ ಬಾಳ್ಯಾ, ಅವನು ನನಗೆ ದುಂಡ್ಯಾ. ವ್ಯಾಪಾರ ಕುದುರಿತು. ಬೋರ್ಡು ಬರೆಸೋಣ ಎಂದುಕೊಂಡೆವು. ಬೋರ್ಡು ಬರೆಯುವವನು ಬಣ್ಣ ಕಲಸಿಟ್ಟುಕೊಂಡು, "ಯಾವ ಭಾಷಾ ಮ್ಯಾಲ ಬರೀಲಿ, ಯಾವುದು ಕೆಳಗ?" ಎಂದು ಕೇಳಿದ. ಅಷ್ಟೇ ಸಭಿಕರೇ, ಅಷ್ಟೇ ಕೇಳಿದ.

ಊರಿನಲ್ಲಿ ಆಗ ಗಡಿ ಗಲಾಟೆಯ ದಿನಗಳು. ನಾನು ಒಂದು ಮಾತು ಅಂದೆ, ಅವನು ಎರಡು ಅಂದ. ಬಣ್ಣ ಡಬ್ಬಿಯಲ್ಲೇ ಒಣಗಿತು. ಬೋರ್ಡು ಬರಿದಾಗಿಯೇ ಉಳಿಯಿತು. ಗಿರಾಕಿಗಳು 'ಖಾಲಿ ಬೋರ್ಡಿನ ಅಂಗಡಿ' ಎಂದೇ ಕರೆಯತೊಡಗಿದರು. ಕೊನೆಗೆ ಸಾಮಾನು ಹಂಚಿಕೊಂಡೆವು. ಬೆಸುಗೆ ಹಾಕುವ ಕಡ್ಡಿ ನನಗೆ ಬಂತು, ದೋಷ ಹುಡುಕುವ ಮೀಟರು ಅವನಿಗೆ ಹೋಯಿತು. ಅವನಿಗೆ ರೋಗ ತಿಳಿಯುತ್ತಿತ್ತು, ಮದ್ದು ಹಾಕಲಾಗುತ್ತಿರಲಿಲ್ಲ. ನಾನು ಮದ್ದು ಹಾಕುತ್ತಿದ್ದೆ, ಯಾವ ರೋಗಕ್ಕೆಂದು ಗೊತ್ತಿರಲಿಲ್ಲ. ಅವನು ಖಾನಾಪುರಕ್ಕೆ ಹೊರಟುಹೋದ. ಈಗ ನೀವೇ ಹೇಳಿ, ನಿಯಮ ಬರೆದದ್ದು ಹುಚ್ಚಿಗೇ?

ಮೂಲ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅವರ ಪ್ರಸ್ತಾಪವೂ ಬರಲಿದೆ, ತಾಳ್ಮೆ ಇರಲಿ.

ರೂಪಾಲಿಯವರು ಖಾನಾಪುರದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾರೆ. ಬುದ್ಧಿವಂತೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರಿಗೆ ಕಂಪ್ಯೂಟರಿನ ಮಾತನ್ನು ಕಂಪ್ಯೂಟರಿನಷ್ಟಕ್ಕೆ ನಿಲ್ಲಿಸಲು ಬರುವುದಿಲ್ಲ. ಅವರ ಮೊದಲ ಸಂದೇಶ ಹೀಗಿತ್ತು: "ಖಾನಾಪುರದಾಗ ಕರೆಂಟ್ ನಿಲ್ಲೂದಿಲ್ಲ. ಶಾಸಕರಿಗೆ ಹೇಳಿದ್ರ ಕಿವಿ ಮ್ಯಾಲ ಹಾಕ್ಕೊಳೂದಿಲ್ಲ. ಎಷ್ಟ ದೊಡ್ಡ ಯುಪಿಎಸ್ ತಗೋಬೇಕ್ರಿ?" ನಾನು ಮೊದಲೆರಡು ವಾಕ್ಯ ಕತ್ತರಿಸಿ ಮೂರನೆಯದನ್ನು ಬಿಟ್ಟೆ. ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂಬುದು ಸದಸ್ಯರಿಗೆ ತಿಳಿಯದೆ ಯಾರೂ ಉತ್ತರ ಕೊಡಲಿಲ್ಲ. ರೂಪಾಲಿಯವರು ಸಿಟ್ಟಾದರು. ಇರಲಿ.

ಕಳೆದ ಮೇ ತಿಂಗಳಲ್ಲಿ ಅವರಿಂದ ಇನ್ನೊಂದು ಸಂದೇಶ ಬಂತು. "ಪ್ರೇಮಪತ್ರದ ಹೆಸರಿನ್ಯಾಗ ಹೊಸಾ ವೈರಸ್ ಬರಾಕತ್ತೈತಿ. ಯಾರೂ ತಗೀಬ್ಯಾಡ್ರಿ. ನಮ್ಮ ಶಾಸಕರಂಗ ಅದು, ಮ್ಯಾಲ ಸವಿ ಮಾತು, ಒಳಗ ಎಲ್ಲಾ ತಿಂದು ಹಾಕತೈತಿ." ಮೊದಲೆರಡು ವಾಕ್ಯಗಳು ತಾಂತ್ರಿಕ. ಮೂರನೆಯದು? ನೀವೇ ಹೇಳಿ! ಈ ಸಲ ಕತ್ತರಿಸುವ ಗೋಜಿಗೆ ಹೋಗಲಿಲ್ಲ, ಕತ್ತರಿಸಿದರೆ ಅವರಿಗೆ ಸಿಟ್ಟು ಬರುತ್ತದೆಯಲ್ಲ. ಇಡೀ ಸಂದೇಶವನ್ನು ವಾಪಸು ಕಳಿಸಿದೆ. ನಿಯಮ ಅಂದರೆ ನಿಯಮ.

ಆ ಮರುದಿನವೇ ನಮ್ಮ ಅಧ್ಯಕ್ಷರಾದ ಬಸಯ್ಯನವರ ವಿಳಾಸದಿಂದ ಒಂದು ಸಂದೇಶ ಬಂತು. 'ಐ ಲವ್ ಯೂ.' ಕೆಳಗೆ, ಜೊತೆಗಿಟ್ಟ ಪ್ರೇಮಪತ್ರವನ್ನು ದಯವಿಟ್ಟು ನೋಡಿರಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಸಭಿಕರೇ, ನಾನು ನಿಯಂತ್ರಕನಾಗಿ ಅದನ್ನು ಎರಡೆರಡು ಸಲ ಪರಿಶೀಲಿಸಿದೆ. ಅದರಲ್ಲಿ ಪಕ್ಷವಿತ್ತೇ? ಇಲ್ಲ. ಗಡಿಯ ಮಾತಿತ್ತೇ? ಇಲ್ಲ. ಶಾಸಕರಿದ್ದರೇ? ಇರಲಿಲ್ಲ. ಬಳಗ ಹುಟ್ಟಿದಾಗಿನಿಂದ ಅಷ್ಟು ಶುದ್ಧವಾದ ಸಂದೇಶ ನನ್ನ ಕೈಗೆ ಬಂದಿರಲಿಲ್ಲ. ಬಸಯ್ಯನವರಿಗೆ ನನ್ನ ಮೇಲೆ ಅಷ್ಟು ಪ್ರೀತಿ ಏಕೆ ಎಂಬ ಸಂಶಯವೂ ನನಗೆ ಬರಲಿಲ್ಲ. ಬಳಗಕ್ಕೆ ನಾನು ಮಾಡಿದ ಸೇವೆ ಅಂಥದು. ಎಲ್ಲರಿಗೂ ಬಿಟ್ಟೆ. ಬಿಟ್ಟು ನಾನೂ ತೆರೆದೆ.

ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. ಕಾಕತಿಯ ಸ್ಟುಡಿಯೋದಲ್ಲಿ ಮದುವೆಯ ಕರೆಯೋಲೆಗೆಂದು ಸ್ಕ್ಯಾನ್ ಮಾಡಿಟ್ಟಿದ್ದ ಮದುಮಕ್ಕಳೆಲ್ಲ ಅಳಿಸಿಹೋದರು. ನನ್ನ ಕಂಪ್ಯೂಟರಿನಲ್ಲಿ ಯಾರ ಯಾರ ವಿಳಾಸವಿತ್ತೋ ಅವರಿಗೆಲ್ಲ ನನ್ನ ಹೆಸರಿನಲ್ಲಿ ಪ್ರೇಮಪತ್ರ ಹೋಯಿತು. ನಮ್ಮ ಪ್ರಿನ್ಸಿಪಾಲರಿಗೆ ಹೋಯಿತು. ಬಳಗದಿಂದ ನಾನೇ ಹೊರಹಾಕಿದವರಿಗೆ ಹೋಯಿತು. ನನ್ನ ಷಡ್ಡಕನಿಗೂ ಹೋಯಿತು. ಮನೆಯ ಫೋನು ಒಂದೇ ಸವನೆ ಬಡಿದುಕೊಳ್ಳತೊಡಗಿತು. ಎತ್ತಿ ಎತ್ತಿ ಸಾಕಾದ ಗಂಗಾದೇವಿ, "ಲಗ್ನಾಗಿ ಇಷ್ಟ ವರ್ಷ ಆತು, ನನ್ನ ಮುಂದ ಒಮ್ಮೆರ ಈ ಮಾತ ಅಂದಿಲ್ಲ. ಈಗ ಇಡೀ ಜಿಲ್ಲಾಕ್ಕ ಹೇಳಿ ಬಂದ್ರಿ" ಎಂದರು.

ಆ ವಿಳಾಸಗಳಲ್ಲಿ ಬಾಳಾಸಾಹೇಬನದೂ ಇತ್ತು. ಇದು ಹೇಗೆ ಎಂದು ಕೇಳುತ್ತೀರಿ. ಬಳಗ ಶುರುವಾದಾಗ ಅವನು ಸದಸ್ಯನಾಗಲು ಒಂದು ಸಾಲು ಬರೆದಿದ್ದ. "ನಾ ಖಾನಾಪುರದ ಬಾಳ್ಯಾ. ರೂಪಾಲಿ ಬಾಯಿಯವರ ಕ್ಲಾಸಿನ್ಯಾಗ ಮಷೀನ್ ರಿಪೇರಿ ಮಾಡ್ತೇನಿ. ಗುರುತು ಸಿಗತೈತೇನು?" ನಾನು ಸೇರಿಸಿಕೊಳ್ಳಲಿಲ್ಲ. ಅದರಲ್ಲಿ ರಾಜಕೀಯವೇನಿತ್ತು ಎಂದು ರೂಪಾಲಿಯವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಆ ಸಾಲಿನಲ್ಲಿ ಇರಲಿಲ್ಲ. ಇವತ್ತು ಇಲ್ಲದ್ದು ನಾಳೆ ಬಂದರೆ? ಬೋರ್ಡಿನಂಥ ಮಾತು ಇನ್ನೊಂದು ಬಂದರೆ? ಒಬ್ಬ ಮನುಷ್ಯನನ್ನು ಎಷ್ಟು ಸಲ ಕಳೆದುಕೊಳ್ಳಲು ಸಾಧ್ಯ? ಹೊರಗೇ ಇದ್ದರೆ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲವಲ್ಲ. ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಪ್ರೇಮಪತ್ರ ಹೋದ ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ರೂಪಾಲಿಯವರು ನಿಂತಿದ್ದರು. ಅವರ ಹಿಂದೆ ಫ್ಲಾಪಿಗಳ ಚೀಲ ಹಿಡಿದು ಬಾಳಾಸಾಹೇಬ ನಿಂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ಅಷ್ಟು ವರ್ಷಗಳ ಮೇಲೆ ಅವನು ಆಡಿದ ಮೊದಲ ಮಾತು: "ಏನಲೇ ದುಂಡ್ಯಾ, ಇಷ್ಟ ವರ್ಷಕ್ಕ ಒಂದ ಪತ್ರ ಬರದಿ, ಅದನೂ ಇಂಗ್ಲಿಷಿನ್ಯಾಗ ಬರದಿಯಲ್ಲಲೇ? ಕನ್ನಡದಾಗ ಬರದಿದ್ರ ನಾ ಓದ್ತಿದ್ದಿಲ್ಲೇನು?"

ಅದು ನಾನು ಬರೆದದ್ದಲ್ಲ ಎಂದು ನಾನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಈಗ ಹೇಳಿದ ಹಾಗಾಯಿತು.

ಆ ಇಡೀ ದಿನ ನಾವು ಮೂವರೂ ಶಹಾಪುರದಿಂದ ಕಾಕತಿಯವರೆಗೆ ಅಂಗಡಿ ಅಂಗಡಿ ತಿರುಗಿ ವೈರಸ್ ತೆಗೆದೆವು. ನಾನೂ ಬಾಳಾಸಾಹೇಬನೂ ಗಡಿಯ ವಿಷಯವನ್ನು ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಹಿಡಿದೆವು. ಅವನು ಒಂದಿಂಚು ಬಿಟ್ಟುಕೊಡಲಿಲ್ಲ, ನಾನೂ ಬಿಡಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ. ಅವನು ರೋಗ ಹೇಳಿದ, ನಾನು ಮದ್ದು ಹಾಕಿದೆ. ಮಾತಿನ ಭರದಲ್ಲಿ ಒಂದೇ ಒಂದು ಡಿಸ್ಕು ಪೂರ್ತಿ ಅಳಿಸಿಹೋಯಿತು. ಅದು ಬಸಯ್ಯನವರದು. ಮಗ್ಗದ ಲೆಕ್ಕ ಅದರಲ್ಲಿತ್ತು. ಈ ವಿಷಯ ಇವತ್ತು ಅವರಿಗೆ ತಿಳಿಯಲೇಬೇಕೆಂದು ನನ್ನ ಅಪೇಕ್ಷೆಯಾಗಿರಲಿಲ್ಲ. ಅವರು ದೊಡ್ಡ ಮನಸ್ಸಿನವರು.

ಸಂಜೆ ಚಹಾ ಕುಡಿಯುವಾಗ ರೂಪಾಲಿಯವರು, "ಸರ್, ಮೊದಲ ಮಷೀನಿನ ರೋಗ ಬರೀಲಿ. ಕೆಳಗ ಒಂದ ಗೆರಿ ಎಳದು ದೇಶದ ರೋಗ ಬರೀಲಿ. ಬ್ಯಾಡಾದವರು ಗೆರಿ ಬಂದ ಕೂಡಲೇ ಓದೂದು ಬಿಡಲಿ. ಯಾರ ಸಂದೇಶಾನೂ ವಾಪಸು ಕಳಸೂದು ಬ್ಯಾಡ" ಎಂದರು. ಇವತ್ತಿನ ಠರಾವಿನಲ್ಲಿ ನನ್ನನ್ನು ಇಳಿಸುವ ಮಾತಿನ ಜೊತೆಗೆ ಇರುವುದೂ ಅದೇ. ಆರೇಳು ತಿಂಗಳು ಠರಾವನ್ನು ಮುಂದೂಡುತ್ತ ಬಂದೆ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿದೆ, ಸಭಿಕರೇ. ಆ ವೈರಸ್ಸಿನ ಮದ್ದನ್ನೇ ಚೀಲದಲ್ಲಿ ತುಂಬಿಕೊಂಡು ಬಂದವನಿಗೆ, ಆ ಪತ್ರ ನಾನು ಬರೆದದ್ದಲ್ಲವೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಖಾನಾಪುರ ಬಿಡುವ ಮೊದಲೇ ಗೊತ್ತಿತ್ತು. ಆದರೂ ಬಂದ.

ಠರಾವು ಓದುವ ಶ್ರಮ ಬೇಡ, ರೂಪಾಲಿಯವರೇ. ಇವತ್ತಿನಿಂದ ನೀವೇ ನಿಯಂತ್ರಕರು. ಆದರೆ ಈ ಭಾಷಣ ಮುಗಿಯುವವರೆಗೆ ಅಧಿಕಾರ ನನ್ನದೇ, ಅದನ್ನು ಒಮ್ಮೆ ಚಲಾಯಿಸುತ್ತೇನೆ. ಈ ಸಭಾಭವನದ ಬಾಗಿಲ ಹೊರಗೆ ಬಿಳಿ ಕೂದಲಿನವನೊಬ್ಬ ಚಪ್ಪಲಿಗಳ ಹತ್ತಿರ ನಿಂತುಕೊಂಡೇ ನನ್ನ ಮಾತು ಕೇಳುತ್ತಿದ್ದಾನೆ. ಸದಸ್ಯರಿಗೆ ಮಾತ್ರ ಒಳಗೆ ಪ್ರವೇಶ ಎಂದು ಕರೆಯೋಲೆಯಲ್ಲಿ ಬರೆಸಿದವನು ನಾನೇ. ಅವನನ್ನು ಈ ಕ್ಷಣದಿಂದ ಸದಸ್ಯನನ್ನಾಗಿ ಸೇರಿಸಿಕೊಂಡಿದ್ದೇನೆ.

ಬಾಳ್ಯಾ, ಒಳಗ ಬಾರಲೇ. ನನ್ನ ಕುರ್ಚಿ ಖಾಲಿ ಐತಿ, ಅದರಾಗ ಕುಂದರು. ಮತ್ತ ಆ ಪತ್ರ ನಾನಽ ಬರದೇನಿ ಅಂತ ತಿಳಕೋ.

ಇಷ್ಟು ಹೊತ್ತು ನನ್ನನ್ನು ಕತ್ತರಿಸದೆ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.