ಅಂಚು ಮಡಚಿದ ವಜ್ರ

ವಯಸ್ಸು 46 ವರ್ಷ, ಉದ್ಯೋಗ ಉಂಗುರಗಳಿಗೆ ಕಲ್ಲು ಕೂರಿಸುವುದು, ವಾಸ ಪೇಟೆ ಬೀದಿಯ ಗಡಿಯಾರ ರಿಪೇರಿ ಅಂಗಡಿಯ ಮಹಡಿ, ಕೆಲಸದ ಕೋಣೆಯೂ ಅಲ್ಲಿಯೇ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಇದೇ ತಿಂಗಳ 3ರಂದು ಬೆಳಿಗ್ಗೆ 11 ಗಂಟೆಗೆ ಆಸ್ಪತ್ರೆಯ ನರ್ಸ್ ಒಬ್ಬರು ತೀರಿಹೋದ ತಮ್ಮ ತಾಯಿಯ ವಜ್ರದುಂಗುರ ತಂದರು. ಕಲ್ಲು ಹಿಡಿದಿದ್ದ ನಾಲ್ಕು ಕೊಕ್ಕೆಗಳಲ್ಲಿ ಒಂದು ಮೇಲೆದ್ದಿತ್ತು. ದಿನಕ್ಕೆ ಮೂರು ಜೊತೆ ಕೈಗವಸು ಹರಿಯುತ್ತಿವೆ ಎಂದರು. ಕೆಲಸದ ಹೊತ್ತಿನಲ್ಲಿ ಕಳಚಿಡಿ ಎಂದೆ. ಕಳಚಿದ ದಿನ ಕೈಯೇ ಆಡುವುದಿಲ್ಲ ಎಂದರು. ಅವರೆದುರೇ ಕಲ್ಲು ತೆಗೆದು ತೂಗಿದೆ, 62 ಸೆಂಟ್ ಇತ್ತು (ನೂರು ಸೆಂಟ್ ಎಂದರೆ ಒಂದು ಕ್ಯಾರೆಟ್). ಅಂಚಿನ ಬಳಿ ಕೂದಲೆಳೆಯಂಥ ಬಿರುಕಿತ್ತು. ಎರಡನ್ನೂ ರಸೀದಿಯಲ್ಲಿ ಬರೆದುಕೊಟ್ಟೆ. ಕಲ್ಲಿನ ಸುತ್ತ ಚಿನ್ನದ ಗೋಡೆ ಎಬ್ಬಿಸಿ ಅಂಚಿನ ಮೇಲೆ ಮಡಚಿದರೆ ಪೆಟ್ಟು ತಾಗದು, ಆದರೆ ಕಲ್ಲು ಚಿಕ್ಕದಾಗಿ ಕಾಣುತ್ತದೆ ಎಂದು ತಿಳಿಸಿದೆ. ಕಾಣಲಿ ಬಿಡಿ, ಉಳಿದರೆ ಸಾಕು ಎಂದರು. 9ರಂದು ಉಂಗುರವನ್ನೂ ಇಡಿಯಾಗಿ ಕತ್ತರಿಸಿ ತೆಗೆದಿದ್ದ ಹಳೆಯ ಕೊಕ್ಕೆಗಳನ್ನೂ ಒಯ್ದರು.

14ರಂದು ಮಧ್ಯಾಹ್ನ 3.20ಕ್ಕೆ ನರ್ಸ್, ಅವರ ಅಕ್ಕ ಮತ್ತು ಪೊಲೀಸ್ ಅಧಿಕಾರಿಯೊಬ್ಬರು ನನ್ನ ಕೋಣೆಗೆ ಬಂದರು. ದೊಡ್ಡ ಕಲ್ಲು ತೆಗೆದು ಚಿಕ್ಕದನ್ನು ಕೂರಿಸಿದ್ದೇನೆ, ಇದರಲ್ಲಿ ತಂಗಿಯ ಕೈವಾಡವೂ ಇದೆ ಎಂದು ಅಕ್ಕ ದೂರು ಕೊಟ್ಟಿದ್ದರು. ಒಡಹುಟ್ಟಿದವಳೇ ಕಣ್ಣಿಗೆ ಮಣ್ಣೆರಚಿದಳು ಎಂದರು. ರಸೀದಿ ತೋರಿಸಿದೆ. ಬರೆದವಳೂ ನೀನೇ, ತೂಗಿದವಳೂ ನೀನೇ ಎಂದರು. ಕೆಳಗಿನ ಗಡಿಯಾರದಂಗಡಿಯವರು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಬಿಚ್ಚಿ ತೋರಿಸಬಹುದು, ಆದರೆ ಗೋಡೆ ಮೀಟುವಾಗ ಬಿರುಕಿಗೆ ಒತ್ತಡ ಬಿದ್ದರೆ ಕಲ್ಲು ಸೀಳಬಹುದು ಎಂದು ಅಧಿಕಾರಿಗೆ ತಿಳಿಸಿದೆ. ಅವರು ನರ್ಸ್ ಕಡೆ ನೋಡಿದರು. ನರ್ಸ್ ಉಂಗುರ ಕಳಚಿ ಮೇಜಿನ ಮೇಲೆ ನನ್ನ ಮುಂದಿಟ್ಟು, "ಬಿಚ್ಚಿಬಿಡಿ ಮೇಡಂ. ಒಡೆದ್ರೆ ಒಡೀಲಿ. ಅಕ್ಕನೇ ನನ್ನ ಕಳ್ಳಿ ಅಂದ್ಮೇಲೆ ಇದನ್ನ ಹೇಗೆ ಹಾಕ್ಕೊಳ್ಳಲಿ?" ಎಂದರು.

3.40ಕ್ಕೆ ಕಿಟಕಿಯ ಬೆಳಕಿಗೆ ಕೂತು ಆರಂಭಿಸಿದೆ. ಮಧ್ಯದಲ್ಲೊಮ್ಮೆ ಟಿಕ್ ಎಂದಿತು. ಮುರಿದದ್ದು ನನ್ನ ಉಳಿಯ ತುದಿ. 4.18ಕ್ಕೆ ಕಲ್ಲು ಇಡಿಯಾಗಿ ಹೊರಬಂತು. ಅಧಿಕಾರಿಯೇ ತೂಗಿದರು, 62 ಸೆಂಟ್. ನರ್ಸ್ ತಂದಿದ್ದ ಹಳೆಯ ಕೊಕ್ಕೆಗಳ ನಡುವೆ ಇಟ್ಟಾಗ ಕೂದಲಷ್ಟೂ ಸಂದಿಲ್ಲದೆ ಕೂತಿತು. ಆ ಕೊಕ್ಕೆಗಳು ತಾಯಿಯ ಉಂಗುರದವೇ ಎಂದು ಅಕ್ಕ ಗುರುತಿಸಿದರು.

ಅಕ್ಕ ಸ್ಟೂಲಿನ ಮೇಲೆ ಕೂತರು. "ಅಮ್ಮನ ಕೈಲಿ ದೊಡ್ಡದಾಗಿ ಕಾಣ್ತಿತ್ತಲ್ಲೇ" ಎಂದರು.

"ಅಮ್ಮನ ಬೆರಳು ಕಡ್ಡಿಯಾಗಿತ್ತು ಅಕ್ಕ," ಎಂದರು ನರ್ಸ್. "ನೀನು ಬಂದಿದ್ದೇ ಕೊನೇ ವಾರ."

ಅಕ್ಕ ದೂರು ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಅವರು ಅಳುತ್ತಿದ್ದುದರಿಂದ ಅಧಿಕಾರಿ ಎರಡು ಸಲ ಕೇಳಬೇಕಾಯಿತು.

ಮೇಲಿನದನ್ನು ನನಗೆ ಓದಿ ಹೇಳಲಾಗಿದೆ. ಕಂಡದ್ದಕ್ಕೆ ಏನೂ ಸೇರಿಸಿಲ್ಲ, ಏನೂ ಬಿಟ್ಟಿಲ್ಲ, ಎಲ್ಲವೂ ಸತ್ಯ.

ಸ್ಥಳ: ಪೇಟೆ ಠಾಣೆ
ದಿನಾಂಕ: 14, ಸಂಜೆ 5.30
ಸಹಿ/-